ಸಹಾಯ ಬೇಕು: 8 ತಿಂಗಳ ಮಗು, ಹೊಳೆ ದಂಡೆ, ಟೆಂಟು

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ರಜೆಗೆ ಕನಕಪುರ ದಾಟಿ ಗಾಲಿಬೋರೆಗೆ ಹೋಗೋಣ ಅಂತಿದ್ದೇವೆ. ಕಾವೇರಿ ದಂಡೆಯಲ್ಲೇ ಜಂಗಲ್ ಲಾಡ್ಜಸ್‌ನವರ ಟೆಂಟುಗಳಿವೆ. ಜೊತೆಗೆ 8 ತಿಂಗಳ ಮಗಳು, ಅತ್ತೆ. "ಕೂಸಿಗೆ ಹೊಳೆ ಗಾಳಿ ಆಗಲ್ಲ" ಅನ್ನುತ್ತಲೇ ಅತ್ತೆ ಈಗಾಗಲೇ ಉಣ್ಣೆ ಕುಲಾವಿ ಹೆಣೆದಿಟ್ಟಿದ್ದಾರೆ!

ಹಾಗಾಗಿ ಚಳಿಯ ಚಿಂತೆ ಇಲ್ಲ. ನನ್ನ ತಲೆಬಿಸಿ ರಾಗಿ ಸರಿಯದ್ದು. ಇವಳಿಗೆ ಬೆಳಿಗ್ಗೆ ಎದ್ದ ಕೂಡಲೇ ಅದು ಬೇಕು. ಒಂದು ಸಣ್ಣ ಗಂಟು ಸಿಕ್ಕರೂ ನಾಲಿಗೆಯಿಂದ ಹೊರಗೆ ತಳ್ಳಿ ಗಲ್ಲಕ್ಕೆಲ್ಲ ಬಳಿದುಕೊಳ್ಳುತ್ತಾಳೆ. ಫ್ಲಾಸ್ಕಿನ ಬಿಸಿನೀರಿಗೆ ಸುಮ್ನೆ ಕಲಸಿದರೆ ಹಸಿ ವಾಸನೆ ಹೋಗಲ್ಲ, ಕುದಿಸಲೇಬೇಕು. ಕಾಡಲ್ಲಿ ನಾವೇ ಒಲೆ ಹಚ್ಚುವುದು ಬೇಡ. ಅಡುಗೆಮನೆಯವರು ಬೆಳಗ್ಗೆ ಬೇಗ ಹತ್ತು ನಿಮಿಷ ಒಲೆ ಬಿಟ್ಟುಕೊಡುತ್ತಾರಾ? ಅಲ್ಲಿಗೆ ಮಗು ಜೊತೆ ಹೋದವರು ಹೇಳಿ.

ಇನ್ನು ಸೊಳ್ಳೆ. ನಿಂಬೆ ನೀಲಗಿರಿ ಎಣ್ಣೆ 3 ವರ್ಷದೊಳಗಿನ ಮಕ್ಕಳಿಗೆ ಹಚ್ಚಬಾರದು, ಅದಕ್ಕೇ ಮಡಚುವ ಸೊಳ್ಳೆಪರದೆ ಒಯ್ಯುತ್ತೇವೆ. ಆದರೆ ಅಂಬೆಗಾಲಿಡುವ ಮಗು ಅದರೊಳಗೆ ಎಷ್ಟು ಹೊತ್ತು ಇರುತ್ತೆ, ಅಲ್ವಾ? ಬೇರೆ ಉಪಾಯ ಇದೆಯಾ?

ಬಳಸಿದ ಡೈಪರ್ ಕಟ್ಟಿ ವಾಪಸ್ ತರುತ್ತೇವೆ. ಬಟ್ಟೆ ಒಣಹಾಕಿದರೆ ಮಂಗಗಳ ಕಾಟ ಜಾಸ್ತಿಯಾ, ಅದೊಂದು ತಿಳಿಸಿ.