ವಿಯೆನ್ನಾ ಯೆಸುಯಿಟ್ ಚರ್ಚಿನ ಗುಮ್ಮಟ ವಾಲಿದಂತೆ ಕಾಣುವುದೇಕೆ?

ಪ್ರಶ್ನೆ: ವಿಯೆನ್ನಾದ ಹಳೇ ವಿಶ್ವವಿದ್ಯಾಲಯದ ಯೆಸುಯಿಟ್ (ಒಂದು ಕ್ಯಾಥೊಲಿಕ್ ಸನ್ಯಾಸಿ ಸಂಘ) ಚರ್ಚಿನ ಗುಮ್ಮಟ ಕೆಲವು ಫೋಟೊಗಳಲ್ಲಿ ನೆಟ್ಟಗಿದೆ, ಕೆಲವದರಲ್ಲಿ ವಾಲಿದೆ. ಯಾಕೆ? ಇಂಥ ಕಡೆ ಚಳಿಗಾಲದಲ್ಲಿ ಆರ್ಗನ್ (ಕೊಳವೆಗಳಿಗೆ ಗಾಳಿ ಊದಿ ನುಡಿಸುವ ವಾದ್ಯ) ಶ್ರುತಿ ತಪ್ಪುವುದು ನಿಜವೇ?

ಉತ್ತರ 1: ಅಲ್ಲಿ ಗುಮ್ಮಟವೇ ಇಲ್ಲ ಮಾರಾಯ್ರೆ! 1623–27ರಲ್ಲಿ ಕಟ್ಟಿದ ಚರ್ಚಿನ ಒಳಾಂಗಣವನ್ನು 1703ರಿಂದ ಚಿತ್ರಕಾರ ಆಂದ್ರೆಯಾ ಪೊಟ್ಸೊ ಬದಲಿಸಿದರು. ಕಮಾನು ಚಾವಣಿಯ ಮೇಲೆ ಬರೀ ಬಣ್ಣದಲ್ಲಿ ಗುಮ್ಮಟ ಬಿಡಿಸಿದ್ದಾರೆ. ಗೆರೆಗಳೆಲ್ಲ ಒಂದೇ ಜಾಗದಲ್ಲಿ ನಿಂತ ಕಣ್ಣಿನ ಲೆಕ್ಕಕ್ಕೆ. ಬಾಗಿಲ ಕಡೆಯಿಂದ ನಡುಹಾದಿಯಲ್ಲಿ ನಿಂತು ನೋಡಬೇಕು; ಬಲಿಪೀಠದತ್ತ ದಾಟಿದರೆ ಕಂಬಗಳು ಮೈಮೇಲೆ ಬೀಳುವಂತೆ ಕಾಣುತ್ತವೆ.

ಉತ್ತರ 2: ಶ್ರುತಿಯ ಮಾತು ಎಲ್ಲ ಪೈಪ್ ಆರ್ಗನ್‌ಗೂ ನಿಜ. ಗಾಳಿ 1 ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ಫ್ಲೂ ಕೊಳವೆಗಳು (ಕೊಳಲಿನಂತೆ ಸದ್ದು ಮಾಡುವವು) ಸುಮಾರು 3 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಇಳಿಯುತ್ತವೆ, ರೀಡ್ ಕೊಳವೆಗಳು (ಅದುರುವ ಪಟ್ಟಿಯಿಂದ ಸದ್ದು ಮಾಡುವವು) ಅಷ್ಟು ಕದಲುವುದಿಲ್ಲ. ಕೆಟ್ಟಿದ್ದು ರೀಡ್ ಅಂತ ಕಿವಿ ಹೇಳುತ್ತದೆ, ನಂಬಬೇಡಿ. ಶ್ರುತಿ ಮಾಡುವ ಮೊದಲು ಸಂಗೀತ ಕಛೇರಿಯ ದಿನದ ಉಷ್ಣಾಂಶಕ್ಕೇ ಒಳಾಂಗಣ ತಂದು, ಅದು ನಿಲ್ಲುವವರೆಗೆ ಕಾಯಿರಿ. ದಿಢೀರ್ ಹೀಟರ್ ಹಾಕಿದರೆ ಇನ್ನೂ ಕಷ್ಟ: ಮರ ಒಣಗಿ, ಕೊಳವೆಗಳಿಗೆ ಗಾಳಿ ಹಂಚುವ ಗಾಳಿಪೆಟ್ಟಿಗೆ ಬಿರಿಯುತ್ತದೆ, ಒತ್ತದ ಸ್ವರವೂ ಕೂಗುತ್ತದೆ.

ಉತ್ತರ 3: ಪೊಟ್ಸೊ ಯೆಸುಯಿಟ್ ಬ್ರದರ್. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿಗೆ ಚಿತ್ರ ಬಿಡಿಸಿದ ಇಟಲಿಯ ಆಂಟೋನಿಯೊ ಮೊಸ್ಕೇನಿಯೂ ಅಷ್ಟೇ. ಅಲ್ಲಿನ ಗೋಡೆಗಳದ್ದು ಫ್ರೆಸ್ಕೊ: ಹಸಿ ಸುಣ್ಣದ ಗಾರೆ ಒಣಗುವ ಮೊದಲೇ ಬಣ್ಣ ಹಚ್ಚಬೇಕು, ಹಾಗಾಗಿ ಆ ದಿನ ಮುಗಿಯುವಷ್ಟು ಜಾಗಕ್ಕೆ ಮಾತ್ರ ಗಾರೆ.