ಮನಾಲಿ–ಕಾಜಾ ಸೈಕಲ್ ಸವಾರಿಗೆ ಫುಲ್ ಸಸ್ಪೆನ್ಶನ್: ಎಷ್ಟು ಟ್ರಾವೆಲ್ ಸಾಕು?

ಪ್ರಶ್ನೆ: ಕುಂಜುಮ್ ಘಾಟಿ ದಾಟಿ ಸ್ಪಿತಿಯ ಕಾಜಾಕ್ಕೆ, ಟೆಂಟ್ ಸಮೇತ, ಎರಡೂ ಚಕ್ರಕ್ಕೆ ಸಸ್ಪೆನ್ಶನ್ ಇರೋ ಸೈಕಲಲ್ಲಿ. ಟ್ರಾವೆಲ್ (ಚಕ್ರ ಮೇಲೆ-ಕೆಳಗೆ ಆಡೋ ದೂರ) 120 ಮಿ.ಮೀ. ಸಾಕಾ, 140 ಬೇಕಾ?

ಉತ್ತರ 1: 120 ಧಾರಾಳ. ಸ್ಪಿತಿ ದಾರಿ ಕವಲೊಡೆಯೋ ಗ್ರಾಂಫೂ ದಾಟಿದರೆ ಕಲ್ಲು, ಹಳ್ಳ ಇವೆ ನಿಜ, ಆದರೆ ಹಾರಿಸೋ ದಾರಿಯಲ್ಲ; 140ರ ತೂಕ ಏರಿನಲ್ಲಿ ದಂಡ. ಫ್ರೇಮಿನ ತ್ರಿಕೋನ ನೋಡಿ: ಶಾಕ್ (ಹಿಂದಿನ ಚಕ್ರದ ಆಘಾತ ತಡೆಯೋ ಭಾಗ) ಟಾಪ್ ಟ್ಯೂಬಿನಡಿ, ಅಂದರೆ ಫ್ರೇಮಿನ ಮೇಲಿನ ಕೊಳವೆಯಡಿ, ಮಲಗಿದ್ದರೆ ಬ್ಯಾಗಿಗೆ ಜಾಗ ಸಿಗುತ್ತೆ, ನೆಟ್ಟಗಿದ್ದರೆ ಕಷ್ಟ.

ಉತ್ತರ 2: ಕೊಳ್ಳೋ ಮುಂಚೆ ಶಾಕಿನ ಗಾಳಿ ಪೂರ್ತಿ ಬಿಟ್ಟು, ಸೀಟ್ ಬ್ಯಾಗ್ ಕಟ್ಟಿ, ಮೇಲೆ ಕೂತು ಒತ್ತಿ. ಹಿಂದಿನ ಟೈರ್ ಬ್ಯಾಗಿಗೆ ತಾಗಿತೋ, ಇಳಿಜಾರಲ್ಲಿ ಬ್ಯಾಗ್ ಸವೆದು ತೂತಾಗುತ್ತೆ. ಸಣ್ಣ ಫ್ರೇಮಿನ, 29 ಇಂಚು ಚಕ್ರದ ಬೈಕಿಗೆ ಇದೇ ಗೋಳು. ಸ್ಯಾಗ್ (ಮೇಲೆ ಕೂತಾಗ ಸಸ್ಪೆನ್ಶನ್ ಕುಸಿಯೋ ಪ್ರಮಾಣ) ಅಳೆಯೋದು ಲಗೇಜ್ ಸಮೇತ, ಟ್ರಾವೆಲ್‌ನ ಶೇ. 25–30.

ಉತ್ತರ 3: ಶಾಕಿಗೆ ಗಾಳಿ ತುಂಬೋ ಪಂಪ್, ಅದೇ ಫ್ರೇಮಿಗೆ ಹೊಂದೋ ಡಿರೇಲರ್ ಹ್ಯಾಂಗರ್ (ಗೇರ್ ಬದಲಿಸೋ ಭಾಗವನ್ನು ಫ್ರೇಮಿಗೆ ಹಿಡಿಯೋ ತುಂಡು) ಒಯ್ಯಿರಿ. ಪಿವಟ್ ಬೋಲ್ಟ್ (ಫ್ರೇಮಿನ ಆಡೋ ಕೀಲುಗಳದು) ದಿನಾ ಮುಟ್ಟಿ ನೋಡಿ, ಅದುರಿ ಸಡಿಲಾಗುತ್ತವೆ.