ಎಎಂಎಚ್ ಕಮ್ಮಿ ಇದೆ, ಡಿಎಚ್‌ಇಎ ತಗೊಂಡ್ರೆ ಉಪಯೋಗ ಆಗತ್ತಾ?

ಮಳೆಬಿಲ್ಲು:
ನಂಗೆ 37 ವರ್ಷ. ಎಎಂಎಚ್ (ಎಗ್ಸ್ ಎಷ್ಟು ಉಳಿದಿದೆ ಅಂತ ನೋಡೋ ಹಾರ್ಮೋನ್ ಟೆಸ್ಟ್) 0.6 ಬಂದಿದೆ, ಸ್ಕ್ಯಾನಲ್ಲೂ ಎರಡೂ ಕಡೆ ಸೇರಿ ಬೆರಳೆಣಿಕೆಯಷ್ಟೇ ಫಾಲಿಕಲ್ (ಎಗ್ ಬೆಳೆಯೋ ಪುಟ್ಟ ಚೀಲ) ಕಾಣಿಸ್ತು. ಐವಿಎಫ್ ಶುರು ಮಾಡೋಕೆ ಮುಂಚೆ ಡಿಎಚ್‌ಇಎ ಅನ್ನೋ ಹಾರ್ಮೋನ್ ಮಾತ್ರೆ 25 ಎಂಜಿ ದಿನಕ್ಕೆ ಮೂರು ಸಲ ಅಂತ ಡಾಕ್ಟ್ರು ಬರೆದುಕೊಟ್ಟಿದಾರೆ. ನೆಟ್ಟಲ್ಲಿ ಒಬ್ಬರು ಇದ್ರಿಂದಾನೇ ಮಗು ಆಯ್ತು ಅಂತಾರೆ, ಇನ್ನೊಬ್ಬರು ಗದ್ದದ ಮೇಲೆ ಕೂದಲು ಬಂತು ಅಂತಾರೆ, ಓದಿ ಓದಿ ತಲೆ ಕೆಟ್ಟೋಗಿದೆ. ಇದರಿಂದ ಎಗ್ಸ್ ಜಾಸ್ತಿ ಆಗತ್ತಾ? ತಗೊಂಡೋರು ದಯವಿಟ್ಟು ಹೇಳಿ.

ಸಂಪಿಗೆ:
ಹೊಸ ಎಗ್ಸ್ ಹುಟ್ಟಲ್ಲ ಕಣ್ರೀ, ಹುಟ್ಟುವಾಗ ತಂದಿದ್ದೇ ಕೊನೇವರೆಗೂ. ಡಿಎಚ್‌ಇಎ ಅಡ್ರಿನಲ್ ಗ್ರಂಥಿಯಲ್ಲಿ ಆಗೋ ಹಾರ್ಮೋನು, ವಯಸ್ಸಾಗ್ತಾ ತಾನಾಗೇ ಇಳಿಯತ್ತೆ. ಅಂಡಾಶಯದಲ್ಲಿ ಇದೇ ಟೆಸ್ಟೋಸ್ಟಿರಾನ್ ಆಗಿ ಆಮೇಲೆ ಈಸ್ಟ್ರೋಜನ್ ಆಗತ್ತೆ, ಟೆಸ್ಟೋಸ್ಟಿರಾನ್ ಸ್ವಲ್ಪ ಇದ್ರೆ ಸಣ್ಣ ಫಾಲಿಕಲ್‌ಗಳು ಐವಿಎಫ್‌ನಲ್ಲಿ ಎಗ್ಸ್ ಬೆಳೆಸೋಕೆ ಕೊಡೋ ಎಫ್‌ಎಸ್‌ಎಚ್ ಇಂಜೆಕ್ಷನ್‌ಗೆ ಚೆನ್ನಾಗಿ ಬೆಳೀತವೆ ಅನ್ನೋ ಲೆಕ್ಕಾಚಾರದಲ್ಲಿ ಕೊಡೋದು. ಸಣ್ಣ ಫಾಲಿಕಲ್ ಬೆಳೆದು ಎಗ್ ಬಿಡೋ ಹಂತಕ್ಕೆ ಬರೋಕೆ ತಿಂಗಳುಗಳೇ ಬೇಕು, ಅದಕ್ಕೇ ಮುಂಚೆಯಿಂದ ಶುರು ಮಾಡಿಸ್ತಾರೆ. ನಾನು ತಗೊಂಡಾಗ ಮುಖ ಎಣ್ಣೆ ಎಣ್ಣೆ ಆಗ್ತಿತ್ತು, ದವಡೆ ಹತ್ರ ಮುಟ್ಟಿದ್ರೆ ನೋಯೋ ಅಂಥ ಗಟ್ಟಿ ಮೊಡವೆಗಳು. ನಿಲ್ಲಿಸಿದ ಮೇಲೆ ಹೋಯ್ತು.

ಓದುಗಿ:
ಆಸೆಗೆ ತಣ್ಣೀರು ಎರಚ್ತಿದೀನಿ ಅಂದ್ಕೋಬೇಡಿ ಅಕ್ಕ, ಆದ್ರೆ ಪುರಾವೆ ಅಷ್ಟು ಗಟ್ಟಿ ಇಲ್ಲ. ಬೇರೆ ಬೇರೆ ಟ್ರಯಲ್‌ಗಳನ್ನ ಒಟ್ಟಿಗೆ ಸೇರಿಸಿ ನೋಡಿದ 2015ರ ಕಾಕ್ರೇನ್ ವಿಮರ್ಶೆಯಲ್ಲಿ ಮಗು ಆಗೋ ಸಾಧ್ಯತೆ ಸ್ವಲ್ಪ ಹೆಚ್ಚಬಹುದು ಅಂತ ಬಂತು, ಆದ್ರೆ ಸರಿಯಾಗಿ ನಡೆಸದ ಟ್ರಯಲ್‌ಗಳನ್ನ ಪಕ್ಕಕ್ಕಿಟ್ಟು ನೋಡಿದಾಗ ಆ ವ್ಯತ್ಯಾಸ ನಿಲ್ಲಲಿಲ್ಲ. ಯೂರೋಪಿನ ಫರ್ಟಿಲಿಟಿ ತಜ್ಞರ ಸಂಸ್ಥೆ ಎಶ್ರೆ ಕೂಡ 2019ರ ಮಾರ್ಗಸೂಚಿಯಲ್ಲಿ, ಎಗ್ಸ್ ಕಮ್ಮಿ ಬರೋರಿಗೆ ಇದನ್ನ ಬಹುಶಃ ಶಿಫಾರಸು ಮಾಡಬಾರದು ಅಂತಾನೇ ಹೇಳಿದೆ. ನಂಗೆ ಭಯ ಮಾತ್ರೆ ಬಗ್ಗೆ ಅಲ್ಲ, ಕಾಯೋದರ ಬಗ್ಗೆ. 37ರಲ್ಲಿ ಇನ್ನೂ ಸ್ವಲ್ಪ ದಿನ ನೋಡೋಣ ನೋಡೋಣ ಅಂತ ಐವಿಎಫ್ ಮುಂದೂಡಿದ್ರೆ ಕಳ್ಕೊಳ್ಳೋದೇ ಜಾಸ್ತಿ. ಎಷ್ಟು ವಾರ, ಆಮೇಲೆ ಯಾವಾಗ ಐವಿಎಫ್ ಸೈಕಲ್ ಶುರು, ಅಂತ ಡಾಕ್ಟ್ರ ಹತ್ರ ತಾರೀಖು ಕೇಳಿ ಬರೆಸ್ಕೊಂಡುಬಿಡಿ. ಇನ್ನೊಂದು, ಎಎಂಎಚ್ ಎಷ್ಟು ಎಗ್ಸ್ ಉಳಿದಿದೆ ಅಂತ ಅಂದಾಜು ಹೇಳತ್ತೆ ಅಷ್ಟೇ, ಅವು ಚೆನ್ನಾಗಿದಾವಾ ಅಂತ ಹೇಳಲ್ಲ, ಅದಕ್ಕೆ ವಯಸ್ಸೇ ಮುಖ್ಯ. ಆ 0.6 ನೋಡ್ಕೊಂಡು ಅಳ್ತಾ ಕೂರಬೇಡಿ.

ಹೊಂಗೆನೆರಳು:
ಪಿಸಿಓಎಸ್ (ಅಂಡಾಶಯದ ಹಾರ್ಮೋನ್ ಏರುಪೇರಿನ ತೊಂದರೆ) ಇದ್ಯಾ? ಇದ್ರೆ ಮೊದಲೇ ಟೆಸ್ಟೋಸ್ಟಿರಾನ್ ಜಾಸ್ತಿ ಇರಬಹುದು, ಡಾಕ್ಟ್ರಿಗೆ ಹೇಳಿ. ಸ್ತನ ಕ್ಯಾನ್ಸರ್ ಥರ ಹಾರ್ಮೋನಿಗೆ ಸಂಬಂಧಪಟ್ಟ ಕಾಯಿಲೆ ಆಗಿದ್ರಂತೂ ಹೇಳದೆ ಒಂದು ಮಾತ್ರೆನೂ ನುಂಗಬೇಡಿ. ಶುರು ಮಾಡೋಕೆ ಮುಂಚೆ ಡಿಎಚ್‌ಇಎ-ಎಸ್ (ರಕ್ತದಲ್ಲಿರೋ ಡಿಎಚ್‌ಇಎಯ ಒಂದು ರೂಪ), ಟೆಸ್ಟೋಸ್ಟಿರಾನ್ ರಕ್ತ ಪರೀಕ್ಷೆ ಮಾಡಿಸ್ತಾರಾ ಕೇಳಿ. ಧ್ವನಿ ಗಡುಸಾಗ್ತಿದೆ ಅನ್ಸಿದ್ರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೂ ಕಾಯದೆ ಫೋನ್ ಮಾಡಿ, ಮೊಡವೆ ಥರ ಅದು ವಾಪಸ್ ಹೋಗದೇ ಇರಬಹುದು.

ಮಳೆಬಿಲ್ಲು:
ಪಿಸಿಓಎಸ್ ಇಲ್ಲ. ರಕ್ತ ಪರೀಕ್ಷೆ ಅಂತೂ ಯಾರೂ ಹೇಳೇ ಇರ್ಲಿಲ್ಲ. ಇವತ್ತೇ ಫೋನ್ ಮಾಡಿ ಅದನ್ನೂ ಸೈಕಲ್ ತಾರೀಖನ್ನೂ ಕೇಳ್ತೀನಿ. ಪ್ರೆಗ್ನೆನ್ಸಿ ಪಾಸಿಟಿವ್ ಬಂದ್ರೆ ಮುಂದುವರೆಸಬೇಕಾ?

ಸಂಪಿಗೆ:
ಇಲ್ಲ, ನಂಗೆ ಪಾಸಿಟಿವ್ ಬಂದ ಕೂಡ್ಲೇ ನಿಲ್ಸಿ ಅಂದಿದ್ರು. ನಿಮ್ಮ ಡಾಕ್ಟ್ರು ಇನ್ನೂ ಮುಂಚೆನೇ, ಎಗ್ಸ್ ತೆಗೆಯೋ ದಿನಕ್ಕೇ ನಿಲ್ಲಿಸಬಹುದು, ಫೋನ್ ಮಾಡಿದಾಗ ಅದನ್ನೂ ಕೇಳಿ.